ಎಂಟು ಅಂಕಿ

ಹಿತ್ತಿಲ ಗೋಡೆಯ ತಾಮ್ರದ ಕೊಳವೆಯನ್ನು
ಯಾರೋ ರಾತ್ರೋರಾತ್ರಿ ಬಿಚ್ಚಿಕೊಂಡು ಹೋದ ಮೇಲೆ
ನಾವು ನಾಲ್ವರು ಬಾಡಿಗೆಯವರು
ಹಲ್ಲಿನ ಡಾಕ್ಟರ್ ಎತೇರಿಯ ಕಾಯುವ ಕೋಣೆಯಲ್ಲಿ ಕೂತೆವು.
ಯಜಮಾನ ಗ್ರೀಸಿನಲ್ಲಿ. ಫೋನಿನಲ್ಲಿ ಅಂದದ್ದು ಇಷ್ಟೇ:
ಹಾಕಿಸಿಕೊಳ್ಳಿ, ಬಾಡಿಗೆಯಲ್ಲಿ ಮುರಿದುಕೊಳ್ಳಿ,
ಅಗ್ಗದ್ದು ನೋಡಿ.

ಬಾದ್ರಿ ಬಂದ, ಬಗಲಲ್ಲಿ ಎರಡು ಡಬ್ಬಿ.
ಎರಡೂ ಕಪ್ಪು, ಎರಡಕ್ಕೂ ಒಂದು ಹಸಿರು ಮಿಣುಕು.
ಒಂದು ಹಳೇ ದಪ್ಪ ತಂತಿಯದು, ಗುದ್ದಿದರೂ ನಡೆಯುತ್ತದೆ;
ಇನ್ನೊಂದು ನೆಟ್‌ವರ್ಕಿನದು,
ಮೂಗಿನ ಮೇಲಿನ ಮಚ್ಚೆಯನ್ನೂ ಬಿಡುವುದಿಲ್ಲ.
'ಕಳ್ಳನ ಮಚ್ಚೆ ಸರಿ, ನಮ್ಮದು?' ಎಂದಳು ಎತೇರಿ.

ನಾಲ್ಕು ಕಣ್ಣೋ, ಎಂಟೋ?
ಹೊಲಿಗೆಯವಳು ನಾನು,
ಕತ್ತರಿ ಇಡುವ ಮುನ್ನ ಎರಡು ಬೆರಳು ಹೆಚ್ಚಿಗೆ ಬಿಡುವವಳು:
ಎಂಟರದ್ದು ಕೊಳ್ಳೋಣ, ನಾಲ್ಕೇ ಹಾಕೋಣ ಎಂದೆ.
ಅವತ್ತು ಯಾರೂ ಎದುರಾಡದ ಮಾತು ಅದೊಂದೇ.

ಎಷ್ಟು ದಿನದ್ದು ನೆನಪಿರಬೇಕು?
ವಾರ ಸಾಕು, ಹೋದ ವಾರದ ರೊಟ್ಟಿಯನ್ನು ಯಾರು ಕೇಳುತ್ತಾರೆ, ಎಂದ ಮುರ್ತಾಜ್.
ವರ್ಷ ಬೇಕು, ಕಿತ್ತ ಹಲ್ಲಿಗೆ ಆರು ತಿಂಗಳ ಮೇಲೆ ಜಗಳಕ್ಕೆ ಬರುತ್ತಾರೆ, ಎಂದಳು ಎತೇರಿ.
ಮೋಚಿ ಓನಿಸೆ ಬಾಯಲ್ಲಿ ಮೊಳೆ ಕಚ್ಚಿಕೊಂಡೇ
'ನನ್ನ ಹೆಂಡತಿಗೆ ನಲವತ್ತು ವರ್ಷದ್ದು ನೆನಪಿದೆ,
ಕರೆಂಟೂ ಬೇಕಿಲ್ಲ' ಎಂದ.
ಬಾದ್ರಿ ಔಷಧ ಚೀಟಿಯ ಬೆನ್ನಿಗೆ ಲೆಕ್ಕ ಗೀಚಿದ:
ಎರಡು ಟೆರಾಬೈಟು, ಇಪ್ಪತ್ತೆರಡು ದಿನ.
ಇಪ್ಪತ್ಮೂರನೇ ಬೆಳಿಗ್ಗೆ
ಉಗುಳು ಹಚ್ಚಿ ಸ್ಲೇಟು ಒರೆಸಿದಂತೆ
ಮೊದಲ ದಿನದ ಮೇಲೆ ಹೊಸ ದಿನ.

ಅಲುಗಿದಾಗ ಮಾತ್ರ ಬರೆಯಲೇ? ಜಾಗ ಉಳಿಯುತ್ತದೆ.
ಹಿತ್ತಿಲ ಅಂಜೂರದ ಮರ ನೋಡಿದ್ದೀಯಾ ಬಾದ್ರಿ,
ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ಓನಿಸೆಯದ್ದು ಒಂದೇ ಹಟ:
ತನ್ನ ಬಾಗಿಲ ಕಡೆಯ ಕಣ್ಣನ್ನು ಒಂದು ಗೇಣು ತಿರುಗಿಸಬೇಕು.
'ಸಾಲ ಹೇಳಿ ಒಯ್ಯುವವರಿದ್ದಾರೆ.
ಅವರ ಮುಖ ನನಗೊಬ್ಬನಿಗೆ ಗೊತ್ತಿದ್ದರೆ ಸಾಕು.'
ತಿರುಗಿಸಿದೆವು.

ಡಬ್ಬಿ ಇಡುವುದೆಲ್ಲಿ?
ಮುರ್ತಾಜನಲ್ಲಿ ಒಲೆಯ ಕಾವು, ನನ್ನಲ್ಲಿ ನೂಲಿನ ಧೂಳು,
ಓನಿಸೆಯಲ್ಲಿ ಅಂಟಿನ ಹೊಗೆ.
ಕೊನೆಗೆ ಎತೇರಿಯ ಹಲ್ಲಿನ ಅಚ್ಚುಗಳ ಕಪಾಟಿನಲ್ಲಿ,
ಇನ್ನೂರು ಜನರ ದವಡೆಗಳ ನಡುವೆ.
ಹಾಗಾದರೆ ಅವಳೊಬ್ಬಳೇ ನೋಡಿಬಿಟ್ಟರೆ?
ಮಾತು ನಿಂತಿತು. ಮೇಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.
ಗುಪ್ತಪದಕ್ಕೆ ಎಂಟು ಅಂಕಿ; ಒಬ್ಬೊಬ್ಬರಿಗೆ ಎರಡೆರಡು,
ಇನ್ನೊಬ್ಬರಿಗೆ ಹೇಳಕೂಡದು, ಎಂದು ತೀರ್ಮಾನವಾಯಿತು.
ಬಾದ್ರಿ ತಲೆ ಕೆರೆದುಕೊಂಡ: ಕುತಾಯಿಸಿಯಲ್ಲೇ ಇಂಥದ್ದು ಕಂಡಿಲ್ಲ.

ಫೆಬ್ರವರಿಯಲ್ಲಿ ಮುರ್ತಾಜನ ಸೈಕಲ್ ಹೋಯಿತು.
ಓನಿಸೆ ಆಸ್ಪತ್ರೆಯಲ್ಲಿ, ಹೊಟ್ಟೆಗೆ ಹೊಲಿಗೆ ಬಿದ್ದು.
ಬಿಸಿ ರೊಟ್ಟಿ ಹಿಡಿದು ಹೋದ ಮುರ್ತಾಜನಿಗೆ
ಮಂಪರಿನಲ್ಲೇ ಒಂದು ಸಂಖ್ಯೆ ಹೇಳಿದನಂತೆ. ತಪ್ಪು.
ಮರುದಿನ ಇನ್ನೊಂದು. ಅದೂ ತಪ್ಪು.
ಮೂರನೆಯದನ್ನು ಒತ್ತಲು ನಮಗೆ ಧೈರ್ಯ ಬರಲಿಲ್ಲ.

ಇಪ್ಪತ್ತಾರನೇ ದಿನ ಕೋಲೂರಿಕೊಂಡು ಬಂದ,
ನಮ್ಮನ್ನೆಲ್ಲ ಗೋಡೆಗೆ ಮುಖ ಮಾಡಿಸಿ ಒತ್ತಿದ.
ತೆರೆಯಿತು.
ಸೈಕಲ್ ಹೋದ ರಾತ್ರಿ ಅಳಿಸಿ ನಾಲ್ಕು ದಿನವಾಗಿತ್ತು.

ಆದರೂ ಕೂತು ನೋಡಿದೆವು, ದುಡ್ಡು ಕೊಟ್ಟಿದ್ದೆವಲ್ಲ.
ಹಿಮ. ನಾಯಿ. ಅಂಜೂರದ ಬೋಳು ಕೊಂಬೆ.
ನಾನು, ಬೀಗ ಹಾಕಿ ಮತ್ತೆ ಬಂದು ಎಳೆದು ನೋಡುವವಳು,
ಮೂರು ಸಲ.
ಆಮೇಲೆ ಎತೇರಿ, ಬೆಳಗಿನ ಏಳಕ್ಕೆ, ಮೂರನೇ ಮೆಟ್ಟಿಲ ಮೇಲೆ ಒಬ್ಬಳೇ,
ಶೂ ಕಳಚಿಟ್ಟು ಪಾದ ಒತ್ತಿಕೊಳ್ಳುತ್ತ
ಬಹಳ ಹೊತ್ತು.

ನಮ್ಮ ಪಕ್ಕದಲ್ಲೇ ನಿಂತಿದ್ದಳು.
ಯಾರೂ ಅತ್ತ ತಿರುಗಲಿಲ್ಲ.
ಓನಿಸೆ ಪರದೆಗೆ ಇನ್ನಷ್ಟು ಬಾಗಿ
'ಹಿಮ್ಮಡಿ ಎತ್ತರವಾಯ್ತು' ಎಂದ,
'ನಾಳೆ ತಂದುಕೊಡು, ಒಳಗೊಂದು ಮೆತ್ತನೆ ಚರ್ಮ ಇಡ್ತೀನಿ.'